ದ್ರವದಲ್ಲಿ ಅಡಗಿರುವುದನ್ನು ಹುಡುಕುವ ಅಲೆ ಸೆನ್ಸರ್: ವಿನ್ಯಾಸದ ಒಂಬತ್ತು ಹಂತಗಳು

ಗಾಳಿಯಲ್ಲಿ ಸೊಗಸಾಗಿ ಕೆಲಸ ಮಾಡುತ್ತಿದ್ದ ಅಲೆ ಸೆನ್ಸರ್‌ನ ಚಿಪ್ ಮೇಲೆ ಒಂದು ಹನಿ ನೀರು ಬಿಟ್ಟ ಕೂಡಲೇ ಸಿಗ್ನಲ್ ಮಾಯ. ಯಾಕೆ? ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ನಾನು ಹುಡುಕುತ್ತಿರುವ ವಸ್ತು ಮಾದರಿಯಲ್ಲಿ ಇಲ್ಲವೇ ಇಲ್ಲ, ಆದರೂ ರೀಡಿಂಗ್ ಬದಲಾಗುತ್ತದಲ್ಲ? ಎರಡಕ್ಕೂ ಉತ್ತರ ವಿನ್ಯಾಸದಲ್ಲೇ ಇದೆ. ಹಾಗಾಗಿ ಬಿಡಿ ಬಿಡಿ ಉತ್ತರ ಕೊಡುವ ಬದಲು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸೆನ್ಸರ್‌ಗೆ ಎಲ್ಲವೂ ತಾಗುತ್ತದೆ. ಮೇಲೆ ಅಂಟಿದ ತೂಕ, ದ್ರವದ ಸ್ನಿಗ್ಧತೆ (ಎಷ್ಟು ಮಂದವಾಗಿದೆ ಎಂಬುದು), ಬಿಸಿ, ಉಪ್ಪು, ಒತ್ತಡ, ಗುಳ್ಳೆ, ಯಾವುದನ್ನೂ ಅದು ಬಿಡುವುದಿಲ್ಲ. ಸೂಕ್ಷ್ಮತೆ ಹೆಚ್ಚಿಸುವುದು ಅಷ್ಟೇನೂ ಕಷ್ಟವಲ್ಲ. ಬೇಡದ್ದಕ್ಕೆ ಅದು ಕಿವುಡಾಗುವಂತೆ ಮಾಡುವುದೇ ನಿಜವಾದ ಕೆಲಸ. ಕೆಳಗಿನ ಹೆಚ್ಚಿನ ಹಂತಗಳು ಅದಕ್ಕಾಗಿಯೇ ಇವೆ.

ಇದು ಕೆಲಸ ಮಾಡುವ ಬಗೆ

ಕ್ವಾರ್ಟ್ಜ್‌ನಂಥ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಕೊಟ್ಟರೆ ಹರಳು ಅಲುಗುತ್ತದೆ. ಇದು ಪೀಜೋಎಲೆಕ್ಟ್ರಿಕ್ ಗುಣ. ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ಹರಳಿಗೆ ವೇಗವಾಗಿ ಏರಿಳಿಯುವ ವಿದ್ಯುತ್ ಕೊಟ್ಟರೆ ಅದರಲ್ಲಿ ಕಂಪನದ ಅಲೆ ಏಳುತ್ತದೆ. ಮೇಲ್ಮೈಗೆ ಏನಾದರೂ ಅಂಟಿದರೆ ಅಲೆ ಸ್ವಲ್ಪ ನಿಧಾನವಾಗುತ್ತದೆ. ಆ ನಿಧಾನವನ್ನು ನಾವು ಆವರ್ತನದ ಇಳಿಕೆಯಾಗಿ ಅಥವಾ ಫೇಸ್ ಬದಲಾವಣೆಯಾಗಿ ಅಳೆಯುತ್ತೇವೆ. ಆವರ್ತನ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬುದು. ಫೇಸ್ ಎಂದರೆ ಹೊರಬರುವ ಅಲೆ ಒಳಗೆ ಹೋದ ಅಲೆಗಿಂತ ಎಷ್ಟು ಹಿಂದೆ ಬಿದ್ದಿದೆ ಎಂಬುದು, ಡಿಗ್ರಿಯಲ್ಲಿ.

ಎಷ್ಟು ತೂಕಕ್ಕೆ ಎಷ್ಟು ಇಳಿಕೆ ಎಂಬ ಲೆಕ್ಕವನ್ನು ಸೌರ್‌ಬ್ರೇ 1959ರಲ್ಲಿ ಕೊಟ್ಟರು. ಸಾಮಾನ್ಯವಾಗಿ ಬಳಸುವ 5 ಮೆಗಾಹರ್ಟ್ಜ್ ಕ್ವಾರ್ಟ್ಜ್ ಬಿಲ್ಲೆಯಲ್ಲಿ ಆವರ್ತನ 1 ಹರ್ಟ್ಜ್ ಇಳಿದರೆ ಪ್ರತಿ ಚದರ ಸೆಂಟಿಮೀಟರ್‌ಗೆ 17.7 ನ್ಯಾನೋಗ್ರಾಂ ಅಂಟಿದೆ ಎಂದರ್ಥ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಏನೇನು ಬೇಕು

ಕ್ವಾರ್ಟ್ಜ್ ಬಿಲ್ಲೆ ಅಥವಾ ಎಲೆಕ್ಟ್ರೋಡ್ ಮೂಡಿಸಿದ ಚಿಪ್. ದ್ರವ ಹರಿಯಲು ಪುಟ್ಟ ಕೋಶ, ಸಿರಿಂಜ್ ಪಂಪ್, ಕವಾಟ. ಬಿಸಿ ಹಿಡಿದಿಡುವ ವ್ಯವಸ್ಥೆ. ಆವರ್ತನ ಅಥವಾ ಫೇಸ್ ಅಳೆಯುವ ಉಪಕರಣ, ಮೊದಲಿಗೆ ನೆಟ್‌ವರ್ಕ್ ಅನಲೈಸರ್ ಸಾಕು. ನೀವು ಹುಡುಕುವ ವಸ್ತುವನ್ನು ಹಿಡಿಯುವ ಅಣು, ಅಂದರೆ ಪ್ರತಿಕಾಯ ಅಥವಾ ಆಪ್ಟಮರ್. ಪ್ರತಿಕಾಯ ಎಂದರೆ ಒಂದು ನಿರ್ದಿಷ್ಟ ವಸ್ತುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್ (ಆಂಟಿಬಾಡಿ). ಆಪ್ಟಮರ್ ಎಂದರೆ ಒಂದು ನಿರ್ದಿಷ್ಟ ವಸ್ತುವಿಗೆ ಮಾತ್ರ ಅಂಟುವಂತೆ ಆರಿಸಿದ ಡಿಎನ್‌ಎ ಅಥವಾ ಆರ್‌ಎನ್‌ಎ ತುಣುಕು. ಚಿಪ್ ತಯಾರಿಕೆಗೆ ಕ್ಲೀನ್‌ರೂಂ, ಅಂದರೆ ಧೂಳಿಲ್ಲದ ಪ್ರಯೋಗಾಲಯ, ಬೇಕು. ಅದು ಕೈಗೆ ಸಿಗದಿದ್ದರೆ ಕ್ವಾರ್ಟ್ಜ್ ಬಿಲ್ಲೆಯಿಂದಲೇ ಶುರು ಮಾಡಿ, ಅದು ಸಿದ್ಧವಾಗಿ ಸಿಗುತ್ತದೆ.

ಹಂತ 1: ಮಾದರಿಯಿಂದ ಶುರು ಮಾಡಿ

ಬಹಳ ಮಂದಿ ಚಿಪ್‌ನ ಚಿತ್ರ ಬರೆಯುವುದರಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಒಂದು ಹಾಳೆಯ ಮೇಲೆ ಇಷ್ಟನ್ನು ಬರೆಯಿರಿ. ಹುಡುಕುವ ವಸ್ತು ಯಾವುದು? ಅದರ ಅಣು ಎಷ್ಟು ದೊಡ್ಡದು? ಎಷ್ಟು ಕಡಿಮೆ ಪ್ರಮಾಣದವರೆಗೆ ಹಿಡಿಯಬೇಕು? ಅದರ ಜೊತೆ ದ್ರವದಲ್ಲಿ ಇನ್ನೇನಿದೆ? ಎಷ್ಟು ಹೊತ್ತಿನಲ್ಲಿ ಉತ್ತರ ಬೇಕು?

ಅಣುವಿನ ಗಾತ್ರ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬ್ಯಾಕ್ಟೀರಿಯಾ, ವೈರಸ್, ಪ್ರೋಟೀನ್ ಇವುಗಳಿಗೆ ತೂಕವಿದೆ, ನೇರವಾಗಿ ಅಳೆಯಬಹುದು. ಕೀಟನಾಶಕ ಅಥವಾ ಔಷಧದ ಅಣು ಹಾಗಲ್ಲ. ಅದರ ಅಣುತೂಕ ಸಾಮಾನ್ಯವಾಗಿ ಕೆಲವು ನೂರು. ಪ್ರತಿಕಾಯದ್ದು ಸುಮಾರು 1,50,000. ಅಷ್ಟು ಚಿಕ್ಕ ಅಣುವನ್ನು ನೇರವಾಗಿ ತೂಗಲು ಹೋದರೆ ಸಿಗ್ನಲ್‌ನ ಗದ್ದಲದಲ್ಲಿ (ನಾಯ್ಸ್) ಕಳೆದುಹೋಗುತ್ತದೆ. ಅಂಥ ಕಡೆ ತಿರುಗುಮುರುಗು ವಿಧಾನ ಬೇಕು. ಹುಡುಕುವ ವಸ್ತುವನ್ನೇ ಚಿಪ್ ಮೇಲೆ ಕಟ್ಟಿ, ಪ್ರತಿಕಾಯವನ್ನು ಮಾದರಿಯೊಳಗೆ ಬೆರೆಸಿ. ಮಾದರಿಯಲ್ಲಿ ವಸ್ತು ಜಾಸ್ತಿ ಇದ್ದಷ್ಟೂ ಪ್ರತಿಕಾಯಗಳು ಅಲ್ಲೇ ಸಿಕ್ಕಿಬೀಳುತ್ತವೆ, ಚಿಪ್‌ಗೆ ಬಂದು ಅಂಟುವುದು ಕಡಿಮೆಯಾಗುತ್ತದೆ. ಸಿಗ್ನಲ್ ಇಳಿದಷ್ಟೂ ವಸ್ತು ಹೆಚ್ಚು ಎಂದು ಓದಿಕೊಳ್ಳಬೇಕು.

ಹಂತ 2: ಅಲೆಯ ಬಗೆ ಆರಿಸಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಂಗೈಯನ್ನು ನೀರಿನ ಮೇಲೆ ಬಡಿದು ನೋಡಿ, ನೀರು ಚಿಮ್ಮುತ್ತದೆ. ಅದೇ ಅಂಗೈಯನ್ನು ನೀರಿಗೆ ತಾಗಿಸಿ ಅತ್ತಿತ್ತ ಜಾರಿಸಿದರೆ ನೀರು ಅಷ್ಟಾಗಿ ಕದಲುವುದಿಲ್ಲ. ಮೇಲ್ಮೈ ಅಲೆಗಳಲ್ಲೂ ಈ ಎರಡು ಬಗೆ ಇವೆ.

ಗಾಳಿಯಲ್ಲಿ ಬಳಸುವ ಹೆಚ್ಚಿನ ಚಿಪ್‌ಗಳಲ್ಲಿರುವುದು ರೇಲೀ ಅಲೆ. ಇದರಲ್ಲಿ ಮೇಲ್ಮೈ ಮೇಲೆ ಕೆಳಗೆ ಏರಿಳಿಯುತ್ತದೆ. ಹರಳಿನಲ್ಲಿ ಇದರ ವೇಗ ಸೆಕೆಂಡಿಗೆ 3,000 ಮೀಟರ್‌ಗಿಂತ ಹೆಚ್ಚು, ನೀರಿನಲ್ಲಿ ಶಬ್ದದ ವೇಗ ಸುಮಾರು 1,480 ಮೀಟರ್. ಹರಳಿನ ಅಲೆ ಹೀಗೆ ವೇಗವಾಗಿದ್ದಾಗ ಅದರ ಶಕ್ತಿಯೆಲ್ಲ ಶಬ್ದವಾಗಿ ನೀರಿಗೆ ಸೋರಿಹೋಗುತ್ತದೆ. ಒಂದು ಹನಿಗೇ ಸಿಗ್ನಲ್ ಸಾಯುವುದು ಇದರಿಂದ. ಇಲ್ಲಿ ನಿಮ್ಮ ತಯಾರಿಕೆಯ ತಪ್ಪು ಏನೂ ಇಲ್ಲ, ಅಲೆಯ ಆಯ್ಕೆಯೇ ತಪ್ಪು.

ದ್ರವಕ್ಕೆ ಬೇಕಾದದ್ದು ಅಡ್ಡಡ್ಡ ಜಾರುವ ಅಲೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಶಿಯರ್ ಹಾರಿಜಾಂಟಲ್ ಎನ್ನುತ್ತಾರೆ. ಇದು ತನಗೆ ತಾಗಿದ ತೆಳು ಪದರದ ನೀರನ್ನು ಮಾತ್ರ ಎಳೆದಾಡುತ್ತದೆ. ಆ ಪದರದ ದಪ್ಪ 5 ಮೆಗಾಹರ್ಟ್ಜ್‌ನಲ್ಲಿ ಸುಮಾರು 250 ನ್ಯಾನೋಮೀಟರ್, 100 ಮೆಗಾಹರ್ಟ್ಜ್‌ನಲ್ಲಿ ಸುಮಾರು 56. ಅದರಾಚೆಗಿನದ್ದು ಸೆನ್ಸರ್‌ಗೆ ಕಾಣಿಸುವುದಿಲ್ಲ. ಇದು ನಮಗೆ ಒಳ್ಳೆಯದೇ, ಅಲ್ವಾ? ದೂರದಲ್ಲಿ ತೇಲುವ ಕಸ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬ್ಯಾಕ್ಟೀರಿಯಾ ಹುಡುಕುವವರು ಗಮನಿಸಿ. ಅದರ ಮೈ ಸಾಮಾನ್ಯವಾಗಿ ಒಂದು ಮೈಕ್ರೋಮೀಟರ್ ಆಸುಪಾಸು, ಪದರಕ್ಕಿಂತ ಬಹಳ ದೊಡ್ಡದು. ಹಾಗಾಗಿ ಸಿಗ್ನಲ್‌ನಿಂದ ಅದರ ಪೂರ್ತಿ ತೂಕ ತಿಳಿಯುವುದಿಲ್ಲ.

ಮೂರು ದಾರಿಗಳಿವೆ. ಮೊದಲನೆಯದು ಕ್ವಾರ್ಟ್ಜ್ ಬಿಲ್ಲೆ. ಎರಡೂ ಮುಖಕ್ಕೆ ಚಿನ್ನದ ಎಲೆಕ್ಟ್ರೋಡ್ ಇರುವ, ಎಟಿ ಕಟ್ ಎಂಬ ಕೋನದಲ್ಲಿ ಕತ್ತರಿಸಿದ ಬಿಲ್ಲೆ ಇದು. ಸರಳ, ಗಟ್ಟಿ, ಲೆಕ್ಕಕ್ಕೆ ಸುಲಭ. ಎರಡನೆಯದು ಲಿಥಿಯಂ ಟ್ಯಾಂಟಲೇಟ್ ಹರಳಿನ ಮೇಲೆ ಹರಿಯುವ ಜಾರು ಅಲೆ. ಮೂರನೆಯದು ಲವ್ ಅಲೆ. ಅದರಲ್ಲಿ ಕ್ವಾರ್ಟ್ಜ್ ಮೇಲೆ ಒಂದು ತೆಳು ಪದರ ಹಾಸಿ ಅಲೆಯನ್ನು ಆ ಪದರದಲ್ಲೇ ಹಿಡಿದಿಡುತ್ತಾರೆ. ಪದರದಲ್ಲಿ ಜಾರು ಅಲೆಯ ವೇಗ ಕೆಳಗಿನ ಹರಳಿಗಿಂತ ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಅಲೆ ಹಿಡಿತಕ್ಕೆ ಸಿಗುವುದಿಲ್ಲ. ಹೀಗೆ ಹಾಸಿದ ಸಿಲಿಕಾ ಪದರದಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 2,800 ಮೀಟರ್, ಅಕ್ರಿಲಿಕ್ ಪ್ಲಾಸ್ಟಿಕ್‌ನಲ್ಲಿ ಸುಮಾರು 1,100. ಪ್ಲಾಸ್ಟಿಕ್ ಹೆಚ್ಚು ಸೂಕ್ಷ್ಮತೆ ಕೊಡುತ್ತದೆ, ಆದರೆ ಅಲೆಯ ಶಕ್ತಿಯನ್ನೂ ಹೀರುತ್ತದೆ.

ಇದೇ ಮೊದಲ ಸಲವಾದರೆ ಬಿಲ್ಲೆಯನ್ನೇ ಆರಿಸಿ ಎಂಬುದು ನನ್ನ ಸಲಹೆ. ಚಿಪ್‌ಗಿಂತ ಅದರ ಸೂಕ್ಷ್ಮತೆ ಕಡಿಮೆ ಎಂದು ಹಿಂಜರಿಯಬೇಡಿ. ರಸಾಯನ, ಹರಿವು, ಬಿಸಿ ಇವುಗಳ ಪಾಠವನ್ನೆಲ್ಲ ಅದರಲ್ಲೇ ಕಲಿಯಬಹುದು.

ಹಂತ 3: ಹರಳು ಮತ್ತು ಆವರ್ತನ

ಬಿಲ್ಲೆ ಆರಿಸಿದವರು ಈ ಹಂತವನ್ನೂ ಮುಂದಿನದನ್ನೂ ಸುಮ್ನೆ ಓದಿಕೊಂಡರೆ ಸಾಕು. ಚಿಪ್ ಮಾಡುವವರಿಗೆ ಲೆಕ್ಕ ಹೀಗಿದೆ. ಅಲೆಯ ವೇಗವನ್ನು ತರಂಗಾಂತರದಿಂದ ಭಾಗಿಸಿದರೆ ಆವರ್ತನ ಸಿಗುತ್ತದೆ. ತರಂಗಾಂತರ ಎಂದರೆ ಒಂದು ಅಲೆಯ ಉದ್ದ. 36 ಡಿಗ್ರಿ ವೈ ಕಟ್ ಎಂಬ ಕೋನದಲ್ಲಿ ಕತ್ತರಿಸಿದ ಲಿಥಿಯಂ ಟ್ಯಾಂಟಲೇಟ್‌ನಲ್ಲಿ ವೇಗ ಸೆಕೆಂಡಿಗೆ ಸುಮಾರು 4,100 ಮೀಟರ್. ತರಂಗಾಂತರ 40 ಮೈಕ್ರೋಮೀಟರ್ ಇಟ್ಟರೆ ಆವರ್ತನ 100 ಮೆಗಾಹರ್ಟ್ಜ್ ಆಸುಪಾಸು ಬರುತ್ತದೆ. ಬಾಚಣಿಗೆಯಂಥ ಎಲೆಕ್ಟ್ರೋಡ್‌ನ ಒಂದೊಂದು ಹಲ್ಲಿನ ಅಗಲ ತರಂಗಾಂತರದ ಕಾಲು ಭಾಗ, ಅಂದರೆ 10 ಮೈಕ್ರೋಮೀಟರ್. ಹಲ್ಲುಗಳ ನಡುವಿನ ಜಾಗವೂ ಅಷ್ಟೇ. ಇದನ್ನು ಮೂಡಿಸಲು ತೀರಾ ದುಬಾರಿ ಯಂತ್ರ ಬೇಕಿಲ್ಲ.

ಆವರ್ತನ ಹೆಚ್ಚಿಸಿದರೆ ಸೂಕ್ಷ್ಮತೆಯೂ ಹೆಚ್ಚುತ್ತದೆ. ಹಾಗೆಂದು ನೇರ 400 ಮೆಗಾಹರ್ಟ್ಜ್‌ಗೆ ಹಾರಬೇಡಿ. ದ್ರವದಲ್ಲಿ ಸೋರುವ ಶಕ್ತಿ, ಗದ್ದಲ, ಬಿಸಿಯ ಕಾಟ ಎಲ್ಲವೂ ಜೊತೆಗೇ ಏರುತ್ತವೆ.

ಹರಳು ಆರಿಸುವಾಗ ನೀರಿನ ವಿದ್ಯುತ್ ಗುಣವನ್ನೂ ನೋಡಬೇಕು. ವಸ್ತುವೊಂದು ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಎಷ್ಟು ಎಳೆದುಕೊಳ್ಳುತ್ತದೆ ಎಂಬ ಅಳತೆಗೆ ಪರ್ಮಿಟಿವಿಟಿ ಎನ್ನುತ್ತಾರೆ. ನೀರಿನದ್ದು ಸುಮಾರು 80, ಕ್ವಾರ್ಟ್ಜ್‌ನದ್ದು ಸುಮಾರು 4.5, ಲಿಥಿಯಂ ಟ್ಯಾಂಟಲೇಟ್‌ನದ್ದು 40ಕ್ಕೂ ಹೆಚ್ಚು. ಕ್ವಾರ್ಟ್ಜ್ ಚಿಪ್‌ನ ಎಲೆಕ್ಟ್ರೋಡ್‌ಗೆ ನೀರು ತಾಗಿದರೆ ಕ್ಷೇತ್ರದ ಬಹುಪಾಲು ನೀರಿನ ಪಾಲಾಗುತ್ತದೆ, ಹರಳು ಸರಿಯಾಗಿ ಅಲುಗುವುದಿಲ್ಲ. ಟ್ಯಾಂಟಲೇಟ್ ಈ ವಿಷಯದಲ್ಲಿ ಸಹನಶೀಲ. ಬಿಸಿಯ ವಿಷಯದಲ್ಲಿ ಮಾತ್ರ ಕ್ವಾರ್ಟ್ಜ್ ಮೇಲು. ಟ್ಯಾಂಟಲೇಟ್ ಚಿಪ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 30ರಷ್ಟು ಸರಿಯುತ್ತದೆ. 100 ಮೆಗಾಹರ್ಟ್ಜ್‌ನಲ್ಲಿ ಅದು 3,000 ಹರ್ಟ್ಜ್ ಆಯಿತು.

ಹಂತ 4: ಚಿಪ್‌ನ ನಕ್ಷೆ

ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿಟ್ಟಂತೆ ಎಲೆಕ್ಟ್ರೋಡ್ ಇರುತ್ತದೆ. ಮೇಲ್ಮೈ ಅಲೆಯನ್ನು ಹೀಗೆ ಎಬ್ಬಿಸಬಹುದು ಎಂದು ವೈಟ್ ಮತ್ತು ವೋಲ್ಟ್‌ಮರ್ 1965ರಲ್ಲಿ ತೋರಿಸಿದರು. ಒಂದು ತುದಿಯ ಜೋಡಿ ಅಲೆ ಎಬ್ಬಿಸುತ್ತದೆ, ಇನ್ನೊಂದು ತುದಿಯದ್ದು ಹಿಡಿಯುತ್ತದೆ. ನಡುವಿನ ಹಾದಿಯೇ ನಿಮ್ಮ ಅಳತೆಯ ಜಾಗ.

ಹಾದಿ 8 ಮಿಲಿಮೀಟರ್ ಇದೆ ಎಂದುಕೊಳ್ಳಿ. ಅದರಲ್ಲಿ 200 ಅಲೆಗಳು ಹಿಡಿಸುತ್ತವೆ, ಅಂದರೆ ಒಟ್ಟು ಫೇಸ್ 72,000 ಡಿಗ್ರಿ. ಪೂರ್ತಿ ಹಾದಿಯಲ್ಲಿ ವೇಗ ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾದರೆ ಫೇಸ್ 0.072 ಡಿಗ್ರಿ ಸರಿಯುತ್ತದೆ. ನಿಮ್ಮ ಉಪಕರಣ ಇಷ್ಟನ್ನು ಗುರುತಿಸುತ್ತದೆಯೇ ಎಂದು ಚಿಪ್ ಮಾಡಿಸುವ ಮೊದಲೇ ನೋಡಿಕೊಳ್ಳಿ. ಹಾದಿ ಉದ್ದವಾದಷ್ಟೂ ಫೇಸ್ ಹೆಚ್ಚು ಸರಿಯುತ್ತದೆ, ಸಿಗ್ನಲ್ ಕುಗ್ಗುವುದೂ ಹೆಚ್ಚುತ್ತದೆ.

ಇಲ್ಲಿ ನಾಲ್ಕು ತಪ್ಪುಗಳು ಪದೇ ಪದೇ ಆಗುತ್ತವೆ. ಅಲ್ಯೂಮಿನಿಯಂ ಎಲೆಕ್ಟ್ರೋಡ್ ಬಳಸುವುದು ಒಂದು. ಉಪ್ಪು ನೀರು ಅದನ್ನು ತಿಂದುಬಿಡುತ್ತದೆ. ತೆಳು ಟೈಟೇನಿಯಂ ಅಥವಾ ಕ್ರೋಮಿಯಂ ಹಾಕಿ ಅದರ ಮೇಲೆ ಚಿನ್ನ ಹಾಕಿ. ಎರಡನೆಯದು ನಡುವಿನ ಹಾದಿಯನ್ನು ಬರಿದಾಗಿ ಬಿಡುವುದು. ಟ್ಯಾಂಟಲೇಟ್‌ನಲ್ಲಿ ಅಲೆಯ ಜೊತೆ ವಿದ್ಯುತ್ ಕ್ಷೇತ್ರವೂ ಓಡುತ್ತದೆ. ದ್ರವದಲ್ಲಿ ಉಪ್ಪು ಬದಲಾದರೆ ಅದೂ ಸಿಗ್ನಲ್ ಆಗುತ್ತದೆ. ಹಾದಿಯ ಮೇಲೂ ಚಿನ್ನ ಹಾಸಿ ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಮೂರನೆಯದು ಚಿಪ್‌ನ ಅಂಚುಗಳನ್ನು ಮರೆಯುವುದು. ಅಲೆ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಎರಡೂ ತುದಿಗೆ ಸ್ವಲ್ಪ ಸಿಲಿಕೋನ್ ಬಳಿಯಿರಿ ಅಥವಾ ಅಂಚನ್ನು ಓರೆಯಾಗಿ ಕತ್ತರಿಸಿ.

ನಾಲ್ಕನೆಯದು ಒಂದೇ ಹಾದಿ ಮಾಡುವುದು. ದಯವಿಟ್ಟು ಎರಡು ಮಾಡಿ. ಪಕ್ಕಪಕ್ಕದಲ್ಲಿ, ಒಂದೇ ಅಳತೆಯಲ್ಲಿ, ಒಂದೇ ದ್ರವದಡಿ. ಒಂದು ಅಳೆಯುವ ಹಾದಿ, ಇನ್ನೊಂದು ಹೋಲಿಕೆಯ ಹಾದಿ. ಎರಡರ ವ್ಯತ್ಯಾಸವೇ ನಿಮ್ಮ ಉತ್ತರ. ಬಿಲ್ಲೆ ಬಳಸುವವರೂ ಎರಡು ಬಿಲ್ಲೆ ಇಡಿ.

ಹಂತ 5: ಹರಿಯುವ ಕೋಶ

ಕೋಶದ ಗೋಡೆ ಅಲೆಯ ಹಾದಿಯನ್ನು ಎರಡು ಕಡೆ ದಾಟುತ್ತದೆ. ಮೆತ್ತನೆಯ ಸಿಲಿಕೋನ್ ಗೋಡೆ ಅಲ್ಲಿ ಅಲೆಯನ್ನು ಹೀರುತ್ತದೆ. ದಾಟುವ ಜಾಗದಲ್ಲಿ ಮಾತ್ರ ಗೋಡೆಯನ್ನು ಆದಷ್ಟು ತೆಳುವಾಗಿಸಿ. ಬಿಲ್ಲೆಯಲ್ಲಿ ತೊಂದರೆ ಬೇರೆ. ರಬ್ಬರ್ ಉಂಗುರವನ್ನು ಬಿಗಿದಷ್ಟೂ ಹರಳು ಒತ್ತಡಕ್ಕೆ ಸಿಕ್ಕಿ ಆವರ್ತನ ಸರಿಯುತ್ತದೆ. ಪ್ರತಿ ಸಲವೂ ಒಂದೇ ಬಿಗಿತದಲ್ಲಿ ಕೂರಿಸಿ, ಆಮೇಲೆ ಉಂಗುರ ಸಡಿಲಗೊಂಡು ನೆಲೆ ನಿಲ್ಲುವವರೆಗೆ ಕಾಯಿರಿ.

ಗುಳ್ಳೆ ಈ ಕೆಲಸದ ದೊಡ್ಡ ಶತ್ರು. ಒಂದು ಗುಳ್ಳೆ ನಿಂತರೆ ಆ ದಿನದ ಅಳತೆ ವ್ಯರ್ಥ. ದ್ರವವನ್ನು ಮೊದಲೇ ನಿರ್ವಾತದಲ್ಲಿಟ್ಟು ಕರಗಿದ ಗಾಳಿ ತೆಗೆಯಿರಿ. ದ್ರವ ಕೆಳಗಿನಿಂದ ಬಂದು ಮೇಲಿನಿಂದ ಹೋಗಲಿ. ತಣ್ಣನೆಯ ಮಾದರಿಯನ್ನು ಬೆಚ್ಚಗಿನ ಕೋಶಕ್ಕೆ ನೇರ ಬಿಟ್ಟರೆ ಗುಳ್ಳೆ ಖಂಡಿತ, ಮೊದಲು ಎರಡರ ಬಿಸಿ ಸಮಮಾಡಿ. ಹರಿವು ನಿಮಿಷಕ್ಕೆ 10ರಿಂದ 100 ಮೈಕ್ರೋಲೀಟರ್ ಇದ್ದರೆ ಹೆಚ್ಚಿನ ಕೆಲಸಕ್ಕೆ ಸರಿಹೋಗುತ್ತದೆ. ಮಾದರಿ ಬದಲಿಸುವಾಗ ಪಂಪ್ ನಿಲ್ಲಿಸಬೇಡಿ, ಕವಾಟ ತಿರುಗಿಸಿ.

ಹಂತ 6: ಮೇಲ್ಮೈಯ ರಸಾಯನ

ಇಲ್ಲಿ ಆತುರ ಬೇಡ. ಸೆನ್ಸರ್‌ಗೆ ತಾನಾಗಿ ಯಾವ ವಸ್ತುವಿನ ಗುರುತೂ ಇಲ್ಲ. ಗುರುತಿಸುವುದೆಲ್ಲ ಈ ಪದರವೇ.

ಮೊದಲು ಚಿನ್ನವನ್ನು ಸ್ವಚ್ಛ ಮಾಡಿ. ನೇರಳಾತೀತ ಬೆಳಕು ಮತ್ತು ಓಜೋನ್ ಬಳಸುವ ಪೆಟ್ಟಿಗೆ ಸಾಕು. ಕೆಲವರು ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಪಿರಾನ್ಹಾ ದ್ರಾವಣ ಬಳಸುತ್ತಾರೆ. ಅದು ಸಾವಯವ ದ್ರಾವಕ ತಾಗಿದರೆ ಸಿಡಿಯಬಲ್ಲದು. ತರಬೇತಿ ಇಲ್ಲದೆ ಅದರ ಹತ್ತಿರ ಹೋಗಬೇಡಿ.

ನಂತರ ಥಯೋಲ್ ಪದರ. ಥಯೋಲ್ ಅಣುವಿನ ಒಂದು ತುದಿಯಲ್ಲಿ ಗಂಧಕವಿದೆ, ಅದು ಚಿನ್ನಕ್ಕೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪು ಇರುವುದನ್ನು ಆರಿಸಿ. ಎಥನಾಲ್‌ನಲ್ಲಿ ಕರಗಿಸಿ ಚಿಪ್ ಅನ್ನು ಒಂದು ರಾತ್ರಿ ಮುಳುಗಿಸಿಡಿ. ಆಮೇಲೆ ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಜೋಡಿ ಕಾರಕಗಳಿಂದ ಕಾರ್ಬಾಕ್ಸಿಲ್ ತುದಿಯನ್ನು ಎಚ್ಚರಿಸಿ ಪ್ರತಿಕಾಯ ಹರಿಸಿ. ಪ್ರತಿಕಾಯದ ಅಮೈನ್ ಗುಂಪು ಅಲ್ಲಿಗೆ ಬಂದು ಕಟ್ಟಿಕೊಳ್ಳುತ್ತದೆ. ಉಳಿದ ತುದಿಗಳನ್ನು ಎಥನಾಲಮೈನ್‌ನಿಂದ ಮುಚ್ಚಿ.

ಎರಡು ಎಚ್ಚರಿಕೆ. ಇಡಿಸಿ ನೀರಿನಲ್ಲಿ ಬೇಗ ಹಾಳಾಗುತ್ತದೆ, ಪ್ರತಿ ಸಲವೂ ಹೊಸದಾಗಿ ಕರಗಿಸಿ. ಪ್ರತಿಕಾಯ ಕಟ್ಟುವಾಗ ಟ್ರಿಸ್ ಬಫರ್ ಬಳಸಲೇಬೇಡಿ. ಬಫರ್ ಎಂದರೆ ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ. ಟ್ರಿಸ್‌ನಲ್ಲೂ ಅಮೈನ್ ಇದೆ. ನಿಮ್ಮ ಪ್ರತಿಕಾಯಕ್ಕಿಂತ ಮೊದಲು ಅದೇ ಹೋಗಿ ಜಾಗ ಹಿಡಿಯುತ್ತದೆ. ಈ ತಪ್ಪಿನಿಂದ ನಾನೇ ಒಂದು ವಾರ ಕಳೆದುಕೊಂಡಿದ್ದೇನೆ.

ಹೋಲಿಕೆಯ ಹಾದಿಗೆ ಏನು ಹಾಕಬೇಕು? ಬರಿ ಚಿನ್ನ ಬಿಟ್ಟರೆ ಅದರ ಮೇಲೆ ಸಿಕ್ಕ ಪ್ರೋಟೀನ್‌ಗಳೆಲ್ಲ ಅಂಟುತ್ತವೆ, ಹೋಲಿಕೆ ಸುಳ್ಳಾಗುತ್ತದೆ. ಅದೇ ಥಯೋಲ್, ಅದೇ ಕಾರಕ, ಆದರೆ ನಿಮ್ಮ ವಸ್ತುವಿಗೆ ಸಂಬಂಧವೇ ಇಲ್ಲದ, ಅದೇ ಜಾತಿಯ ಪ್ರತಿಕಾಯ ಹಾಕಿ. ಆಗ ಬೇಡದ ಅಂಟುವಿಕೆ ಎರಡೂ ಕಡೆ ಹೆಚ್ಚೂಕಡಿಮೆ ಸಮನಾಗಿರುತ್ತದೆ, ವ್ಯತ್ಯಾಸ ತೆಗೆದಾಗ ಹೊರಟುಹೋಗುತ್ತದೆ.

ಹಂತ 7: ಅಳೆಯುವ ವಿದ್ಯುನ್ಮಾನ

ಚಿಪ್ ಅನ್ನು ಸತತವಾಗಿ ಕಂಪಿಸುವಂತೆ ಇಡುವ ಆಸಿಲೇಟರ್ ಸರ್ಕ್ಯೂಟ್ ಚಿಕ್ಕದು, ಅಗ್ಗ. ಆದರೆ ದ್ರವ ಬಿದ್ದಾಗ ಸಿಗ್ನಲ್ ಕುಗ್ಗಿ ಅದು ನಿಂತೇಹೋಗಬಹುದು. ಮೊದಲು ನೆಟ್‌ವರ್ಕ್ ಅನಲೈಸರ್‌ನಲ್ಲಿ ಚಿಪ್‌ನ ನಡತೆ ಅರಿತುಕೊಳ್ಳಿ, ಸರ್ಕ್ಯೂಟ್ ಆಮೇಲೆ ಮಾಡಿ.

ಆವರ್ತನದ ಜೊತೆಗೆ ನಷ್ಟವನ್ನೂ, ಅಂದರೆ ಅಲೆ ಎಷ್ಟು ಶಕ್ತಿ ಕಳೆದುಕೊಳ್ಳುತ್ತಿದೆ ಎಂಬುದನ್ನೂ, ದಾಖಲಿಸಿ. ಬಿಗಿಯಾದ ತೆಳು ಪದರ ಅಂಟಿದರೆ ಆವರ್ತನ ಇಳಿಯುತ್ತದೆ, ನಷ್ಟ ಹೆಚ್ಚು ಬದಲಾಗುವುದಿಲ್ಲ. ದ್ರವ ಮಂದವಾದರೆ ಎರಡೂ ಬದಲಾಗುತ್ತವೆ. ಮೆತ್ತಗಿನ, ನೀರು ತುಂಬಿದ ಪದರವಾದರೂ ನಷ್ಟ ಏರುತ್ತದೆ. ಆಗ ಸೌರ್‌ಬ್ರೇ ಲೆಕ್ಕ ನಂಬಬಾರದು.

ಚಿಪ್‌ನಲ್ಲಿ ಇನ್ನೊಂದು ಮೋಸವಿದೆ. ವಿದ್ಯುತ್ ಸಿಗ್ನಲ್‌ನ ಒಂದು ಪಾಲು ಅಲೆಯಾಗದೆ ಗಾಳಿಯಲ್ಲೇ ನೇರ ಸೋರಿ ಆಚೆ ತುದಿಗೆ ತಲುಪುತ್ತದೆ. ನಮ್ಮ 8 ಮಿಲಿಮೀಟರ್ ಹಾದಿ ದಾಟಲು ಅಲೆಗೆ ಸುಮಾರು 2 ಮೈಕ್ರೋಸೆಕೆಂಡ್ ಬೇಕು, ಸೋರಿಕೆಗೆ ಏನೂ ಬೇಡ. ಇವೆರಡೂ ಸೇರಿ ಗ್ರಾಫ್‌ನಲ್ಲಿ ಸುಮಾರು 500 ಕಿಲೋಹರ್ಟ್ಜ್‌ಗೊಂದು ಏರಿಳಿತ ಮೂಡುತ್ತದೆ. ಹಾಗೆ ಕಂಡರೆ ಗ್ರೌಂಡ್ ಮತ್ತು ಕವಚ ಸರಿಮಾಡಿ. ಏರಿಳಿತ 250 ಕಿಲೋಹರ್ಟ್ಜ್‌ಗೊಂದು ಇದ್ದರೆ ಕಾರಣ ಬೇರೆ. ಅಲೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ಹೋಗಿ ಬಂದು ಮತ್ತೆ ಹೋಗುತ್ತಿದೆ ಎಂದರ್ಥ. ಅದಕ್ಕೆ ಪ್ರತಿ ಹಲ್ಲನ್ನೂ ಎರಡಾಗಿ ಸೀಳಿದ ನಕ್ಷೆ ಬೇಕು.

ಹಂತ 8: ಬಿಸಿಯನ್ನು ಕಟ್ಟಿಹಾಕಿ

ಒಂದು ಸಣ್ಣ ಲೆಕ್ಕ ಮಾಡೋಣ. 5 ಮೆಗಾಹರ್ಟ್ಜ್ ಬಿಲ್ಲೆಯ ಒಂದು ಮುಖ ನೀರಿಗೆ ತಾಗಿದರೆ ಆವರ್ತನ ಸುಮಾರು 700 ಹರ್ಟ್ಜ್ ಇಳಿಯುತ್ತದೆ. ಈ ಲೆಕ್ಕ ಕನಜಾವಾ ಮತ್ತು ಗಾರ್ಡನ್ 1985ರಲ್ಲಿ ಕೊಟ್ಟದ್ದು. ಇಳಿಕೆ ದ್ರವದ ಸಾಂದ್ರತೆ ಮತ್ತು ಸ್ನಿಗ್ಧತೆಯ ಗುಣಲಬ್ಧದ ವರ್ಗಮೂಲದಂತೆ ಬದಲಾಗುತ್ತದೆ. ನೀರಿನ ಸ್ನಿಗ್ಧತೆ ಒಂದು ಡಿಗ್ರಿಗೆ ಸುಮಾರು ನೂರಕ್ಕೆ 2ರಷ್ಟು ಬದಲಾಗುತ್ತದೆ. ವರ್ಗಮೂಲ ತೆಗೆದರೆ ನೂರಕ್ಕೆ 1, ಅಂದರೆ 7 ಹರ್ಟ್ಜ್. ಅದನ್ನು 17.7ರಿಂದ ಗುಣಿಸಿ. ಒಂದೇ ಒಂದು ಡಿಗ್ರಿ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 125 ನ್ಯಾನೋಗ್ರಾಂ ಅಂಟಿದಂತೆ ನಟಿಸಿತು! ಹರಳು ಬಿಸಿಗೆ ಬಗ್ಗದಿದ್ದರೂ ನೀರು ಬಗ್ಗುತ್ತದೆ. 0.1 ಡಿಗ್ರಿಯೊಳಗೆ ಹಿಡಿದಿಡಿ, ಸಾಧ್ಯವಾದರೆ ಇನ್ನೂ ಬಿಗಿಯಾಗಿ. ಕೋಶದ ಜೊತೆಗೆ ಮಾದರಿಯ ನಳಿಕೆಯನ್ನೂ ಅದೇ ಬಿಸಿಯಲ್ಲಿಡಿ.

ಹಂತ 9: ಪರೀಕ್ಷೆ, ಈ ಕ್ರಮದಲ್ಲೇ

ಹುಡುಕುವ ವಸ್ತುವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಮೊದಲು ಗಾಳಿ, ಆಮೇಲೆ ಶುದ್ಧ ನೀರು. ಬಿಲ್ಲೆಯಲ್ಲಿ 700 ಹರ್ಟ್ಜ್ ಆಸುಪಾಸಿನ ಇಳಿಕೆ ಬರದಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ. ನಂತರ ತೂಕದಲ್ಲಿ ನೂರಕ್ಕೆ 10 ಪಾಲು ಗ್ಲಿಸರಿನ್ ಬೆರೆಸಿದ ನೀರು. 20 ಡಿಗ್ರಿಯಲ್ಲಿ ಇನ್ನೂ ಸುಮಾರು 110 ಹರ್ಟ್ಜ್ ಇಳಿಯಬೇಕು, ನೀರಿಗೆ ಮರಳಿದಾಗ ಪೂರ್ತಿ ವಾಪಸ್ ಬರಬೇಕು. ಆಮೇಲೆ ಉಪ್ಪು ದುಪ್ಪಟ್ಟು ಮಾಡಿದ ಬಫರ್ ಹರಿಸಿ ವ್ಯತ್ಯಾಸದ ಸಿಗ್ನಲ್ ಎಷ್ಟು ಸರಿಯಿತು ನೋಡಿ. ಬಿಸಿಯನ್ನು ಬೇಕೆಂದೇ ಅರ್ಧ ಡಿಗ್ರಿ ಏರಿಸಿಯೂ ನೋಡಿ. ಎರಡು ಹಾದಿಗಳು ನಿಜಕ್ಕೂ ಜೋಡಿಯಾಗಿವೆಯೇ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಈಗ ಖಾಲಿ ಮಾದರಿ, ಅಂದರೆ ನಿಜವಾದ ದ್ರವವೇ, ಆದರೆ ಹುಡುಕುವ ವಸ್ತು ಇಲ್ಲದ್ದು. ಇದನ್ನು ಬೇರೆ ಬೇರೆ ಚಿಪ್‌ಗಳಲ್ಲಿ ಹತ್ತು ಸಲವಾದರೂ ಅಳೆಯಿರಿ. ಆ ಅಳತೆಗಳು ಎಷ್ಟು ಚದುರಿವೆ ಎಂಬ ಸಂಖ್ಯೆಯ (ಸ್ಟ್ಯಾಂಡರ್ಡ್ ಡೀವಿಯೇಶನ್) ಮೂರು ಪಟ್ಟನ್ನು ನಿಮ್ಮ ಅಳತೆಗೆರೆಯ ಇಳಿಜಾರಿನಿಂದ ಭಾಗಿಸಿದರೆ ಪತ್ತೆಯ ಕನಿಷ್ಠ ಮಿತಿ ಸಿಗುತ್ತದೆ. ಅಳತೆಗೆರೆ ಎಂದರೆ ಗೊತ್ತಿರುವ ಪ್ರಮಾಣಗಳಿಗೆ ಬಂದ ಸಿಗ್ನಲ್‌ಗಳನ್ನು ಸೇರಿಸಿ ಎಳೆದ ಗೆರೆ. ಅದನ್ನು ಬರಿ ಬಫರ್‌ನಲ್ಲಿ ಎಳೆಯಬೇಡಿ, ನಿಜವಾದ ದ್ರವದಲ್ಲೇ ಎಳೆಯಿರಿ. ಬಫರ್‌ನಲ್ಲಿ ಬಂದ ಸುಂದರ ಸಂಖ್ಯೆ ರಕ್ತದಲ್ಲೋ ಕೊಳಚೆ ನೀರಿನಲ್ಲೋ ಉಳಿಯುವುದಿಲ್ಲ.

ಕೊನೆಗೆ ಒಂದು ಪರೀಕ್ಷೆ, ಇದನ್ನು ಬಿಡಲೇಬೇಡಿ. ವಸ್ತು ಇರುವ ಮಾದರಿಗೆ ಅದೇ ಪ್ರತಿಕಾಯವನ್ನು ಧಾರಾಳವಾಗಿ ಮೊದಲೇ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಹರಿಸಿ. ವಸ್ತುವೆಲ್ಲ ದ್ರವದಲ್ಲೇ ಹಿಡಿಯಲ್ಪಟ್ಟಿರುವುದರಿಂದ ಸಿಗ್ನಲ್ ಬಹುಪಾಲು ಹೋಗಬೇಕು. ತಿರುಗುಮುರುಗು ವಿಧಾನದಲ್ಲಿ ಮಾತ್ರ ಪ್ರತಿಕಾಯದ ಬದಲು ವಸ್ತುವನ್ನೇ ಧಾರಾಳವಾಗಿ ಬೆರೆಸಿ. ಸಿಗ್ನಲ್ ಹೋಗದೆ ಉಳಿದರೆ ನೀವು ಅಳೆಯುತ್ತಿರುವುದು ಬೇರೇನನ್ನೋ. ಚಿಪ್‌ನ ನಕ್ಷೆ ಮುಟ್ಟಬೇಡಿ, 6ನೇ ಹಂತಕ್ಕೆ ವಾಪಸ್ ಹೋಗಿ.